ಶುಭ ಶುಕ್ರವಾರದ ಅಗೆತ

ಸೂಕ್ಲುಪೆ ಮನೆತನದವರ ಮನೆಯಲ್ಲಿ ಕೋಳಿಗಳು ನೀರು ಕುಡಿಯುವುದು ಸಾವಿರ ವರ್ಷ ಹಳೆಯ ಬಟ್ಟಲಿನಲ್ಲಿ. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಇಟ್ಟಿರುವುದು ನರಿಮುಖದ ಇನ್ನೊಂದು ಗಡಿಗೆ. ಚೆನ್ನಾಗಿದ್ದವೆಲ್ಲ ಎಂದೋ ಪಟ್ಟಣದ ದಲ್ಲಾಳಿಯ ಪಾಲಾದವು. ಒಡೆದವು, ಮೂಗು ಹೋದವು ಮನೆಬಳಕೆಗೆ ಉಳಿದವು. ಯಜಮಾನ ದೋನ್ ಹಸಿಂತೊ ಇದನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. ಊರಿಗೆ ಊರೇ ಇದರಲ್ಲಿರುವಾಗ ಯಾರಿಂದ ಮುಚ್ಚಿಡಬೇಕು?

ಪೆರುವಿನ ಈ ಉತ್ತರ ಕರಾವಳಿಯಲ್ಲಿ ಪ್ರತಿ ಊರಿನ ಪಕ್ಕದಲ್ಲೂ ಒಂದು ವಾಕಾ ಇದೆ. ಹಳಬರು ಹಸಿ ಇಟ್ಟಿಗೆಯಲ್ಲಿ ಕಟ್ಟಿ, ತಮ್ಮವರನ್ನು ಹೂತ ದಿಬ್ಬ ಅದು. ಶುಭ ಶುಕ್ರವಾರ ಯೇಸು ಸತ್ತಿರುತ್ತಾನೆ, ನೋಡುವವರು ಯಾರೂ ಇಲ್ಲ, ಅಂದು ವಾಕಾ ತಾನಾಗಿ ಬಾಯಿ ಬಿಡುತ್ತದೆ ಎಂದು ನಮ್ಮವರ ನಂಬಿಕೆ. ಹೀಗಾಗಿ ಬೆಳಗ್ಗೆ ಶಿಲುಬೆಯ ಮುಂದೆ ಮೊಣಕಾಲೂರಿ ಅತ್ತವರೇ ಮಧ್ಯಾಹ್ನ ಸಲಾಕೆ, ಗುದ್ದಲಿ, ಕಬ್ಬಿನ ಸಾರಾಯಿ ಹಿಡಿದು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗೋರಿ ಬಗೆಯಲು ಹೊರಡುತ್ತಾರೆ. ಎಲುಬನ್ನು ಬದಿಗೆಸೆದು ಗಡಿಗೆಯನ್ನು ಮಾತ್ರ ಎದೆಗವಚಿಕೊಂಡು ಬರುತ್ತಾರೆ. ಇದಕ್ಕೆ ಭಕ್ತಿ ಎನ್ನುವವರ ನಾಚಿಕೆಗೇಡಿತನಕ್ಕೆ ನನ್ನ ಬಳಿ ಮಾತಿಲ್ಲ.

ನಾಲ್ಕು ವರ್ಷದ ಹಿಂದೆ ಇದೇ ದಿನ ಹಸಿಂತೊ ತನ್ನ ಮೊಮ್ಮಗ ವಿಲ್ಮರನನ್ನು ಸುರಂಗಕ್ಕೆ ಇಳಿಸಿದ. ಹುಡುಗ ತೆಳ್ಳಗಿದ್ದಾನೆ, ಚೆನ್ನಾಗಿ ನುಸುಳುತ್ತಾನೆ ಎಂಬುದೊಂದೇ ಕಾರಣ. ಮಣ್ಣು ಕುಸಿಯಿತು. ಕೈಯಿಂದ ಮಣ್ಣು ತೋಡಿ ತೋಡಿ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪೊಲೀಸರು ಬಂದರೆ ಅಗೆತ ನಿಂತೀತೆಂಬ ಭಯಕ್ಕೆ ಹಿರಿಯರೆಲ್ಲ ಸೇರಿ, ಹುಡುಗ ಹೊಲದ ಬಾವಿಗೆ ಬಿದ್ದ ಎಂದು ಮರಣದ ದಾಖಲೆಯಲ್ಲಿ ಬರೆಸಿದರು. ಅದಕ್ಕೆ ಓದುಬರಹ ಬಲ್ಲ ಸಾಕ್ಷಿಯ ಸಹಿ ಬೇಕಿತ್ತು. ಇಪ್ಪತ್ತಾರು ವರ್ಷದಿಂದ ಈ ಊರಿನ ಶಾಲೆಯಲ್ಲಿ ಮೇಷ್ಟರಾಗಿರುವ ನಾನು ಹಾಕಿಕೊಟ್ಟೆ. ಇವರ ನಡುವೆಯೇ ಬಾಳಬೇಕಲ್ಲ ಎಂದುಕೊಂಡೆ. ಮರುವರ್ಷ ಹಸಿಂತೊ, ಬಲಿ ತಗೊಂಡ ವಾಕಾ ಇನ್ನು ಕೈಬಿಚ್ಚಿ ಕೊಡುತ್ತದೆ ಎನ್ನುತ್ತ ಮತ್ತೆ ಸಲಾಕೆ ಹಿಡಿದು ಹೊರಟ.

ವಿಲ್ಮರನ ತಂಗಿ ಮಾರ್ಲೇನಿ ಅಂದಿನಿಂದ ವಾಕಾದ ಅಗೆತಕ್ಕೆ ಹೋಗಲಿಲ್ಲ. ಆದರೆ ಸರ್ಕಾರದ ಅನುಮತಿ ಪಡೆದು ದಿಬ್ಬದ ಇನ್ನೊಂದು ಮಗ್ಗುಲಲ್ಲಿ ಉತ್ಖನನ ಮಾಡುತ್ತಿದ್ದ ಪುರಾತತ್ವದ ಡಾಕ್ಟರಮ್ಮನ ಬಳಿ ಜರಡಿ ಹಿಡಿಯಲು ಸೇರಿಕೊಂಡಳು. ಎರಡು ವರ್ಷದಲ್ಲಿ ಕುಂಚದಿಂದ ಮಣ್ಣು ಸರಿಸುವುದನ್ನೂ, ಸಿಕ್ಕಿದ್ದನ್ನು ಸಿಕ್ಕಲ್ಲೇ ಅಳೆದು ಬರೆದಿಡುವುದನ್ನೂ ಕಲಿತಳು. ಪುರಾತತ್ವವನ್ನೇ ಓದಬೇಕೆಂದು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಹೊರಟಾಗ ಷರತ್ತುಗಳು ಎದುರಾದವು. ನಮ್ಮ ಹನ್ನೊಂದು ವರ್ಷದ ಶಾಲೆ ಅವರಿಗೆ ಸಾಲದು. ಪಟ್ಟಣದಲ್ಲಿ ಇನ್ನೊಂದು ವರ್ಷ ಓದಿದಳು. ಇಂಗ್ಲಿಷ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಮತ್ತೆ ಕೂತು ಗೆದ್ದಳು. ಡಾಕ್ಟರಮ್ಮ ಅನುಭವದ ಪತ್ರ ಬರೆದುಕೊಟ್ಟರು. ವಯಸ್ಸು ಇನ್ನೂ ಹದಿನೇಳಾದ್ದರಿಂದ ಕೊನೆಗೊಂದು ಉಳಿಯಿತು: ಪೋಷಕರ ಸಹಿ. ಕೊನೆಯ ದಿನಾಂಕ ಬರುವ ಸೋಮವಾರ. ಅಪ್ಪ ಸಮುದ್ರದ ಪಾಲಾದವನು. ತಾಯಿ ಎದೆಲ್ಮೀರಾ ಮಾವನನ್ನು ಕೇಳದೆ ಒಲೆಗೆ ಕಡ್ಡಿ ಗೀರುವವಳಲ್ಲ.

ಈ ಶುಭ ಶುಕ್ರವಾರವೂ ಎಂದಿನಂತೆ ನನ್ನನ್ನು ಊಟಕ್ಕೆ ಕರೆದಿದ್ದರು. ಹಿಸುಕಿದ ಬಾಳೆಹಣ್ಣು, ಮೀನು, ಮೆಕ್ಕೆಜೋಳದ ಹೆಂಡ ಚೀಚಾ. ಸಲಾಕೆಗಳು ಆಗಲೇ ಗೋಡೆಗೆ ಒರಗಿದ್ದವು.

"ಅನುಭವ ಕೇಳ್ತಾರಂತೆ, ಅನುಭವ," ಎಂದು ಹಸಿಂತೊ ಮುಳ್ಳು ತೆಗೆಯುತ್ತ ನಕ್ಕ. "ಅರವತ್ತು ವರ್ಷ ಅಗೆದೋನು ಇಲ್ಲಿ ಕೂತಿದ್ದೀನಿ. ನನ್ನ ಕೈಲಿ ಒಂದು ಕಾಗದ ಬರೆಸ್ಕೊಂಡಿದ್ರೆ ಸಾಕಿತ್ತಲ್ಲ. ಜೊತೆಗೆ ಆ ದೊರೆಗಳಿಗೆ ಒಂದು ಒಳ್ಳೆ ಗಡಿಗೆ ಕಳಿಸಿದ್ರೆ ಕಣ್ಣಿಗೊತ್ಕೊಂಡು ಸೇರಿಸ್ಕೋತಾರೆ."

"ಅವರಿಗೆ ಗಡಿಗೆ ಬೇಡ ತಾತ. ಎಲ್ಲಿ ಸಿಕ್ತು, ಪಕ್ಕದಲ್ಲಿ ಏನಿತ್ತು, ಅದು ಬೇಕು."

"ಕೈಗೆ ಬಂದ್ಮೇಲೆ ಎಲ್ಲಿದ್ರೇನು?"

"ಅದು ಗೊತ್ತಿಲ್ದೆ ಹೋದ್ರೆ ಗಡಿಗೆಗೆ ಮಾತೇ ಇಲ್ಲ. ನೀವು ಅರವತ್ತು ವರ್ಷ ಬಾಯಿ ಮುಚ್ಚಿಸ್ತಾನೇ ಬಂದಿದ್ದೀರಿ."

ಮುದುಕ ತಟ್ಟೆ ಸರಿಸಿದ. "ಉಪನ್ಯಾಸ ಸಾಕು. ಡಾಕ್ಟರಮ್ಮ ಈ ವರ್ಷದ ಕೆಲಸ ನಿಲ್ಲಿಸಿ ಮಣ್ಣು ಮುಚ್ಚಿ ಹೋದಳಲ್ಲ, ಅದರ ಕೆಳಗೊಂದು ದೊಡ್ಡ ಗೋರಿ ಇದೆ. ನಕ್ಷೆ ಬರೆದೋಳು ನೀನು. ಇವತ್ತು ಜಾಗ ತೋರಿಸು. ನಿಮ್ಮಮ್ಮ ಈಗಲೇ ಸಹಿ ಹಾಕ್ತಾಳೆ."

"ಇದೆ. ಎಲ್ಲಿ ಅಂತಾನೂ ಗೊತ್ತು. ತೋರಿಸಲ್ಲ."

"ಹಾಗಾದ್ರೆ ಇಲ್ಲೇ ಕೋಳಿ ಮೇಯಿಸ್ಕೊಂಡು ಬಿದ್ದಿರು."

ಆಗ ನಾನು ಬಾಯಿ ಹಾಕಿದೆ. ಬುದ್ಧಿವಂತ ಎಂದು ಹೆಸರಾದವನು ನಾನು. "ನೋಡಮ್ಮ, ನಿನ್ನ ವರ್ಷ ಹಾಳಾಗುತ್ತೆ. ಆ ಜಾಗ ತೋರಿಸಿ ಕೆಲಸ ಮುಗಿಸ್ಕೊ. ಡಾಕ್ಟರಮ್ಮನಿಗೆ ಯಾರು ಹೇಳ್ತಾರೆ?"

ಅವಳು ತಾತನನ್ನು ನೋಡಿದ್ದಕ್ಕಿಂತ ತಾತ್ಸಾರವಾಗಿ ನನ್ನನ್ನು ನೋಡಿದಳು. ಅದಕ್ಕೆ ನಾನು ತಕ್ಕವನೇ ಆಗಿದ್ದೆ.

"ಸೆಪ್ಟೆಂಬರಿಗೆ ನನಗೆ ಹದಿನೆಂಟಾಗುತ್ತೆ ಮೇಷ್ಟ್ರೇ. ಆಮೇಲೆ ಯಾರ ಸಹಿನೂ ಬೇಡ. ಒಂದು ವರ್ಷ ಕಾಯ್ತೀನಿ, ಮತ್ತೆ ಅರ್ಜಿ ಹಾಕ್ತೀನಿ." ಮತ್ತೆ ತಾತನ ಕಡೆ ತಿರುಗಿದಳು. "ಗಡಿಗೆ ಎಲ್ಲಿ ಸಿಕ್ತು ಅಂತ ನೀವು ಯಾವತ್ತೂ ನಿಜ ಹೇಳಿಲ್ಲ, ಹೋಗಲಿ. ಅಣ್ಣ ಎಲ್ಲಿ ಸಿಕ್ಕಿದ ಅಂತಾನೂ ಹೇಳಲಿಲ್ಲ. ಬಾವಿಲಿ ಅಂದ್ರಿ. ಬಾವಿಗೆ ಬಿದ್ದೋನ ಬಾಯಿ ತುಂಬ ಒಣಮಣ್ಣು ಹೆಂಗಿತ್ತು ತಾತ?"

"ಸತ್ತೋನ ಮಾತು ಇವತ್ತು ಬೇಡ," ಎಂದ ಹಸಿಂತೊ. "ಹಬ್ಬದ ದಿನ."

ಒಲೆಯ ಬಳಿ ಎದೆಲ್ಮೀರಾ ಸೌಟು ಕೆಳಗಿಟ್ಟಳು. ಮಾವನ ಮುಂದೆ ಅವಳು ದನಿ ತೆಗೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅವನ ಬಾಯಿ ತೊಳೆಯೋಕೆ ಎರಡು ಕೊಡ ನೀರು ಹಿಡೀತು," ಎಂದಳು. "ಹಲ್ಲಿನ ಸಂದಿಲಿದ್ದದ್ದು ನೀರಿಗೆ ಹೋಗಲಿಲ್ಲ. ಕಡ್ಡಿ ತಗೊಂಡು ಒಂದೊಂದೇ ತೆಗೆದೆ. ಅಷ್ಟು ಹೊತ್ತೂ ನೀವು ಹೊರಗೆ ಕೂತು, ಬಾವಿ ಎಷ್ಟು ಆಳ ಅಂತ ಬರೆಸೋದು ಅಂತ ಮಾತಾಡ್ತಿದ್ರಿ ಮಾವ."

ಅವಳು ಕೈ ಒರೆಸಿಕೊಂಡು ಬಂದು, ಮಗಳ ಅರ್ಜಿಯನ್ನು ಎಳೆದುಕೊಂಡು, ಮೂರನೇ ತರಗತಿಯಲ್ಲಿ ನಾನೇ ಕಲಿಸಿದ ವಕ್ರ ಅಕ್ಷರಗಳಲ್ಲಿ ನಿಧಾನವಾಗಿ ಸಹಿ ಹಾಕಿದಳು.

"ಈ ಮನೆ ಬಿಡಬೇಕಾಗುತ್ತೆ, ಗೊತ್ತಿರಲಿ," ಎಂದ ಮುದುಕ.

"ಬಿಡ್ತೀನಿ. ಇನ್ನೊಂದು ಕಾಗದ ಇದೆ, ಅದು ಮುಗೀಲಿ." ಅವಳು ಪೆನ್ನನ್ನು ನನ್ನ ಮುಂದಿಟ್ಟಳು. "ಮೇಷ್ಟ್ರೇ, ಪೊಲೀಸ್ನೋರಿಗೆ ಬರೀರಿ. ನನ್ನ ಮಗ ಸತ್ತಿದ್ದು ಎಲ್ಲಿ ಅಂತ ಬರೀರಿ. ಯಾರು ಇಳಿಸಿದ್ರು, ಯಾರು ಬಾವಿ ಅಂದ್ರು, ಯಾರು ಸಾಕ್ಷಿ ಹಾಕಿದ್ರು, ಒಂದೂ ಬಿಡಬೇಡಿ."

ಹಸಿಂತೊ ಸಲಾಕೆ ಹೆಗಲಿಗೇರಿಸಿ, ಬಾಗಿಲಲ್ಲಿ ಒಂದು ಗಳಿಗೆ ನಿಂತ. ನಾನು ತನ್ನ ಜೊತೆ ಎದ್ದು ಬರುತ್ತೇನೆಂದು ಕಾದನೆಂದು ತೋರುತ್ತದೆ. ಇಪ್ಪತ್ತಾರು ವರ್ಷ ಹಾಗೆಯೇ ಎದ್ದು ಹೋಗಿದ್ದೆ.

ನಾನು ಪೆನ್ನು ಎತ್ತಿಕೊಂಡೆ. ಸುಳ್ಳು ಸಾಕ್ಷಿ ಹಾಕಿದವನ ಹೆಸರಿನಿಂದಲೇ ಬರೆಯಲು ಶುರುಮಾಡಿದೆ.