ಹೊಸ ಕಾರ್ಡಿನ ಹಲ್ಲು

ಗದ್ದದ ಕೆಳಗಿಂದ ಬಟ್ಟೆಪಟ್ಟಿ ಸುತ್ತುತ್ತಿದ್ದವನು ಅರ್ಧಕ್ಕೇ ಕೈ ತಡೆದು, ಕಿಟಕಿಯ ಕಟ್ಟೆಯ ಮೇಲಿದ್ದ ನೀರಿನ ಲೋಟದತ್ತ ನೋಡಿದ. ಅದರೊಳಗೆ ಹಲ್ಲಿನ ಸೆಟ್ಟು ಮುಳುಗಿತ್ತು.

"ಅಮ್ಮಾ, ಯಜಮಾನ್ರಿಗೆ ಇದನ್ನ ಹಾಕ್ಬೇಕಾ? ಈಗ್ಲೇ ಹೇಳ್ಬಿಡಿ. ಆಮೇಲೆ ದವಡೆ ಬಿಗಿದುಕೊಂಡ್ರೆ ನನ್ನ ಕೈಲಾಗಲ್ಲ."

ಸತ್ತವರಿಗೆ ಬಟ್ಟೆ ತೊಡಿಸಿ ಅಣಿಮಾಡುವುದು ಅವನ ಕೆಲಸ. ಸತ್ತವರ ಹೆಂಡತಿ ಮಂಚದ ಪಕ್ಕ ನಿಂತಿದ್ದಳು. ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತ ಗಂಡ ಮತ್ತೆ ಏಳಲಿಲ್ಲ. ಸಂಜೆಗೆ ಮಣ್ಣು.

"ಹಾಕ್ಲಿ ಬಿಡಮ್ಮ," ಅಂದಳು ಮಗಳು. "ಅಪ್ಪ ಚೆಂದ ಕಾಣ್ತಾರೆ."

ಆ ಮಾತು ತಾಯಿಗೆ ಚುಚ್ಚಿದಂತಾಯಿತು. ಹೋದ ವರ್ಷ ಅದನ್ನೇ ತಾನೂ ಆಡಿದ್ದಳು.

*

ಗಂಡ ಸರ್ಕಾರಿ ಹೊಲಿಗೆ ಕಾರ್ಖಾನೆಯಲ್ಲಿ ಬದುಕಿಡೀ ಸಮವಸ್ತ್ರ ಹೊಲಿದವರು. ಕತ್ತರಿ ಪಕ್ಕದಲ್ಲೇ ಇದ್ದರೂ ದಾರ ಕಡಿಯುತ್ತಿದ್ದದ್ದು ಹಲ್ಲಿನಿಂದ. ನಿವೃತ್ತಿಯಾಗುವ ಹೊತ್ತಿಗೆ ಬಾಯಿ ಖಾಲಿಯಾಗಿತ್ತು. ಅವರ ಬಳಿ ಇದ್ದದ್ದು ಸರ್ಕಾರದ ಹಳೇ ಆರೋಗ್ಯ ಕಾರ್ಡು. ಅದನ್ನು ಹಿಡಿದು ಯಾವ ಡಾಕ್ಟರ ಹತ್ತಿರ ಬೇಕಾದರೂ ಹೋಗಬಹುದಿತ್ತು, ಆದರೆ ಹಲ್ಲಿನ ಖರ್ಚು ಮಾತ್ರ ಅದು ಕೊಡುತ್ತಿರಲಿಲ್ಲ. ಆಗ ಹೊಸ ಕಾರ್ಡು ಬಂತು, ಹಳೆಯದನ್ನು ಬಿಟ್ಟುಕೊಟ್ಟರೆ ಸಿಗುವಂಥದ್ದು. ಹಲ್ಲು, ಕನ್ನಡಕ ಎಲ್ಲ ಪುಕ್ಕಟೆ. ಡಾಕ್ಟರು ಮಾತ್ರ ಕಾರ್ಡಿನವರು ಹೇಳಿದವರೇ.

"ನನ್ನ ಎದೆ ಡಾಕ್ಟರು ಅದರಲ್ಲಿಲ್ವಲ್ಲೇ," ಅಂದಿದ್ದರು ಗಂಡ. "ನನ್ನ ಎದೇಲಿ ಹೊಲಿಗೆ ಎಲ್ಲೆಲ್ಲಿ ಬಿಟ್ಟಿದೆ ಅಂತ ಆ ಪುಣ್ಯಾತ್ಮನಿಗೇ ಗೊತ್ತು."

"ಎದೆ ಯಾರ ಕಣ್ಣಿಗೆ ಬೀಳುತ್ತೆ? ನೀವು ಬೊಚ್ಚುಬಾಯಿ ಬಿಟ್ಕೊಂಡು ನಗ್ತಿದ್ರೆ ನಾಲ್ಕು ಜನರ ಮುಂದೆ ನನಗೆ ನಾಚಿಕೆ ಆಗುತ್ತೆ. ಹಲ್ಲು ಹಾಕಿಸ್ಕೊಳ್ಳಿ, ಚೆಂದ ಕಾಣ್ತೀರಿ."

"ಆಯ್ತು ಕಣೇ. ಈ ವಯಸ್ಸಲ್ಲಿ ಮತ್ತೆ ಮದುಮಗ ಆಗ್ತೀನಿ."

ಹಲ್ಲು ಬಂತು. ಚಳಿಗಾಲ ಕಳೆಯುವುದರೊಳಗೆ ಎದೆನೋವೂ ಬಂತು. ಹೊಸ ಕಾರ್ಡಿನಲ್ಲಿ ಮೊದಲು ಒಬ್ಬ ಡಾಕ್ಟರು ನೋಡಿ ಬರೆದುಕೊಡಬೇಕು, ಆಮೇಲೆ ಎದೆ ಡಾಕ್ಟರು ತಾರೀಕು ಕೊಡಬೇಕು. ಹಳೇ ಕಾರ್ಡೇ ಸಾಕು ಎಂದು ಕಚೇರಿಗೆ ಹೋದರೆ, ಬದಲಾಯಿಸುವುದಿದ್ದರೆ ವರ್ಷದ ಕೊನೆಯ ತಿಂಗಳಲ್ಲಿ ಬನ್ನಿ ಎಂದು ಕಳಿಸಿದರು.

"ಅಲ್ಲೀವರೆಗೆ ತೆಪ್ಪಗಿರು ಅಂತ ಎದೆಗೆ ಹೇಳಿದ್ದೀನಿ ಬಿಡೇ," ಎಂದು ಗಂಡ ನಕ್ಕಿದ್ದರು. ನಗು ಚೆಂದವೇ ಕಂಡಿತ್ತು.

*

"ಹಾಕಿಸ್ಬೇಡಿ ಅತ್ತಿಗೆ." ಬಾಗಿಲಲ್ಲಿ ಮೈದುನ ನಿಂತಿದ್ದ. "ಅದು ಅಣ್ಣನಿಗೆ ಒತ್ತುತ್ತಿತ್ತು."

"ನನಗೆ ಹೇಳಲೇ ಇಲ್ಲ."

"ನಿಮಗೆಲ್ಲಿ ಹೇಳ್ತಾನೆ? ನಮ್ಮನೆಗೆ ಬಂದ ಕೂಡ್ಲೇ ತೆಗೆದು ಜೇಬಿಗೆ ಹಾಕ್ಕೊಳ್ಳೋನು. ವಾಪಸ್ ಬರ್ತಾ ನಿಮ್ಮ ಗೇಟ್ ಹತ್ರ ಮತ್ತೆ ಬಾಯಿಗೆ. ಪೊಲೀಸಪ್ಪನ್ನ ಕಂಡು ಹೆಲ್ಮೆಟ್ ಹಾಕ್ಕೊಂಡಂಗೆ ಅಂತ ನಾನು ಆಡ್ಕೊಳ್ತಿದ್ದೆ."

ಹಿಂದೆ ಯಾರೋ ಕಿಸಕ್ಕೆಂದರು. ಮರುಕ್ಷಣವೇ ಕೆಮ್ಮಿ ಸುಮ್ಮನಾದರು.

"ನನ್ನ ಬೈತಿದ್ರಾ?"

"ಇಲ್ಲ ಅತ್ತಿಗೆ. 'ಹಲ್ಲು ಕಂಡ್ರೆ ಅವಳ ಮುಖ ಅರಳುತ್ತೆ ಕಣೋ' ಅಂತಿದ್ದ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೇಳಬೇಕಾದದ್ದು ಅದಲ್ಲ. "ಹಳೇ ಡಾಕ್ಟರನ್ನ ಬಿಡಿಸಿದ್ದಕ್ಕೆ?"

ಮೈದುನ ನೆಲ ನೋಡಿದ. "ಆ ಮಾತು ಎತ್ತಿದ್ರೆ ಎದ್ದು ಹೊರಟುಬಿಡೋನು."

ಬಟ್ಟೆಪಟ್ಟಿಯವನು ಇನ್ನೂ ಕಾಯುತ್ತಿದ್ದ.

"ಬೇಡಪ್ಪ," ಅಂದಳು. "ಇವರ ಬಾಯಿ ಇವರದ್ದಾಗೇ ಇರಲಿ."

ಮಧ್ಯಾಹ್ನದ ಹೊತ್ತಿಗೆ ಜನ ತುಂಬಿದರು. ಹೊಲಿಗೆ ಕಾರ್ಖಾನೆಯವರು ಒಬ್ಬೊಬ್ಬರಾಗಿ ಮುಖ ನೋಡಿ ಹೊರಗೆ ಹೋದರು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಸರದಿಗಾಗಿ ಕೂತಿದ್ದ ಒಬ್ಬರು ಎಲ್ಲರಿಗಿಂತ ಕೊನೆಗೆ ಎದ್ದು ಬಂದರು. ಹತ್ತಿರ ಬಂದಾಗಲೇ ಅವಳಿಗೆ ಗುರುತು ಸಿಕ್ಕಿದ್ದು. ಹಳೆಯ ಎದೆ ಡಾಕ್ಟರು.

"ಒಂದು ವರ್ಷದಿಂದ ನನ್ನ ಕಡೆ ಬರಲೇ ಇಲ್ವಲ್ಲಮ್ಮ," ಅಂದರು ಮೆಲ್ಲಗೆ. "ನಾನೇನಾದ್ರೂ ತಪ್ಪು ಮಾತಾಡಿದ್ನೇನೋ ಅಂದ್ಕೊಂಡಿದ್ದೆ."

ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಡಾಕ್ಟರು ಮಂಚದ ಅಂಚಿಗೆ ಕೂತರು. ಎದೆಯ ಮೇಲೆ ಮಡಚಿಟ್ಟಿದ್ದ ಕೈಯನ್ನು ಬಿಡಿಸಿ, ತಮಗೇ ಅರಿವಿಲ್ಲದೆ ಮಣಿಕಟ್ಟಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರು. ಅವರು ಏನು ಹೇಳುತ್ತಾರೋ ಎಂದು ಅವಳು ಅವರ ಮುಖವನ್ನೇ ನೋಡುತ್ತ ನಿಂತಳು.