ಮೇ ತಿಂಗಳ ಬಿಳಿ ಸೀಸೆ

ಗೋಡೆಗಳೆಲ್ಲ ಕಪ್ಪಾಗಿದ್ದ ಒಂದು ಊರಿತ್ತು. ಪೀಪಾಯಿಯೊಳಗೆ ಮಲಗಿದ ವಿಸ್ಕಿ ನಿದ್ದೆಯಲ್ಲಿ ಉಸಿರಾಡುತ್ತದೆ, ಆ ಉಸಿರೇ ಹೊರಗೆ ಬಂದು ಸುಣ್ಣಕ್ಕೆ, ಮರದ ತೊಗಟೆಗೆ, ಗೋರಿಕಲ್ಲಿಗೆ ಅಂಟಿ ಕಪ್ಪು ಬೂಷ್ಟಾಗುತ್ತದೆ ಎಂದು ಆ ಊರಿನ ಅಜ್ಜಿಯರು ಮಕ್ಕಳಿಗೆ ಹೇಳುತ್ತಿದ್ದರು. ಆ ಊರಲ್ಲಿ ಒಬ್ಬನಿದ್ದ. ಸಾಯುತ್ತಿದ್ದ ತಾಯಿಯ ಕೈ ಹಿಡಿದು ಅವನು ಒಂದು ಮಾತು ಕೊಟ್ಟ: ಅಣ್ಣ ಸತ್ತ ದಿನದ ನಿಜವನ್ನು ಅತ್ತಿಗೆಗೆ ಹೇಳಿಬಿಡುತ್ತೇನೆ ಎಂದು. ಕೊಟ್ಟು ಇಪ್ಪತ್ತಾರು ವರ್ಷವಾಯಿತು. ಕಥೆಯಲ್ಲಾದರೆ ಅಂಥವನು ಕಲ್ಲಾಗುತ್ತಾನೆ, ಇಲ್ಲವೇ ಕಪ್ಪೆಯಾಗುತ್ತಾನೆ. ಫಿನ್ಲೆ ಏನೂ ಆಗಲಿಲ್ಲ. ಪ್ರತಿ ಭಾನುವಾರ ಒಂದು ಗಂಟೆಗೆ ಶೂ ಒರೆಸಿಕೊಂಡು ಅತ್ತಿಗೆ ವಿಲ್ಮಾಳ ಮನೆಗೆ ಊಟಕ್ಕೆ ಹೋಗುತ್ತಲೇ ಇದ್ದ.

ಜನವರಿಯ ಒಂದು ಭಾನುವಾರ ಅವನು ಹೋದಾಗ ಮೇಜಿನ ಮೇಲೆ, ಆಲೂಗಡ್ಡೆ ಬೋಗುಣಿಯ ಪಕ್ಕದಲ್ಲಿ, ಒಂದು ರಟ್ಟಿನ ಪೆಟ್ಟಿಗೆ ತೆರೆದು ಕೂತಿತ್ತು. ಒಳಗೆ ಹತ್ತಿಯ ಗೂಡಲ್ಲಿ ಬೆರಳುದ್ದದ ನಾಲ್ಕು ಸೀಸೆ.

"ಇದೇನತ್ತಿಗೆ?"

"ಕಾಣ್ತಿಲ್ವಾ? ವಿಸ್ಕಿ. ನಂಗೆ ಎಪ್ಪತ್ತು ತುಂಬ್ತಲ್ಲ, ಕ್ಯಾಟ್ರಿನ್ ಗ್ಲಾಸ್ಗೋದಿಂದ ಕಳಿಸಿದಾಳೆ. ತಿಂಗಳಿಗೊಂದು ಪೆಟ್ಟಿಗೆ ಬರತ್ತಂತೆ, ಆರು ತಿಂಗಳು. ಮನೇಲೇ ಕೂತು ಒಂದೊಂದೇ ರುಚಿ ನೋಡಿ, ಏನನ್ನಿಸ್ತು ಅಂತ ಬರೆಯೋದು."

"ಈ ಮನೇಲಿ?"

"ಯಾಕೆ, ಈ ಮನೆಗೇನು ಬಾಯಿಲ್ವಾ?"

ನಲವತ್ತೆರಡು ವರ್ಷದಿಂದ ಆ ಹೊಸಿಲು ದಾಟಿ ಒಂದು ಹನಿ ಬಂದಿರಲಿಲ್ಲ. ಹೊಸವರ್ಷದ ರಾತ್ರಿ ಶುಭವೆಂದು ವಿಸ್ಕಿ, ಕಲ್ಲಿದ್ದಲು ಹಿಡಿದು ಮನೆಯೊಳಗೆ ಮೊದಲ ಹೆಜ್ಜೆ ಇಡಲು ಬರುವವರು ಕೂಡ ಬಾಟಲಿಯನ್ನು ಹೊರಗೆ ಮಂಜಿನಲ್ಲಿ ಬಿಟ್ಟು ಬರೀ ಕಲ್ಲಿದ್ದಲಿನ ತುಂಡು ಹಿಡಿದು ಒಳಗೆ ಬರಬೇಕಿತ್ತು. ಯಾಕೆಂದು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ವಿಲ್ಮಾಳ ಗಂಡ ಎವಾನ್ ಭಟ್ಟಿಮನೆಯ ತೊಟ್ಟಿಯಲ್ಲಿ ಸತ್ತವನು. ವಿಸ್ಕಿಗೆ ಬಾರ್ಲಿ ನೀರು ಹುದುಗಿಸುವ ಎರಡಾಳೆತ್ತರದ ಮರದ ತೊಟ್ಟಿಗಳು. ಹುದುಗಿದ್ದನ್ನೆಲ್ಲ ಹರಿಸಿದ ಮೇಲೂ ಕೆಟ್ಟ ಗಾಳಿ ತಳದಲ್ಲಿ ನೀರಿನ ಹಾಗೆ ನಿಂತಿರುತ್ತದೆ. ಅದಕ್ಕೇ ತೊಳೆಯಲು ಇಳಿಯುವ ಮೊದಲು ದಾರ ಕಟ್ಟಿ ಉರಿಯುವ ಮೇಣದಬತ್ತಿ ಇಳಿಸಿ ನೋಡಬೇಕು. ಬತ್ತಿ ಆರಿದರೆ ಮನುಷ್ಯನೂ ಆರುತ್ತಾನೆ. ಎವಾನ್ ಕುಡಿದ ಮತ್ತಿನಲ್ಲಿ ಬತ್ತಿ ಇಳಿಸದೆ ತಾನೇ ಇಳಿದ ಎಂದು ಮ್ಯಾನೇಜರು ಬರೆದ, ಊರು ನಂಬಿತು. ಎಂಟು ತಿಂಗಳ ಬಸುರಿ ವಿಲ್ಮಾಳಿಗೆ ಹೆಣ ತೋರಿಸಲಿಲ್ಲ. ಅವನ ಅಂಗಿಯನ್ನು ಮಾತ್ರ ಕಾಗದದಲ್ಲಿ ಸುತ್ತಿ ಕೊಟ್ಟರು. ಅಂಗಿ ತೊಯ್ದು ನಾರುತ್ತಿತ್ತು. ಆಮೇಲೆ ಹುಟ್ಟಿದ ಮಗಳು ಕ್ಯಾಟ್ರಿನ್‌ಳನ್ನು ಶಾಲೆಯಲ್ಲಿ 'ತೊಟ್ಟಿ ಕುಡುಕನ ಕೂಸು' ಎನ್ನುತ್ತಿದ್ದರು. ಹದಿನೇಳಕ್ಕೇ ಊರು ಬಿಟ್ಟವಳು ಅಪ್ಪನ ಗೋರಿಗೆ ಇವತ್ತಿನವರೆಗೆ ಒಂದು ಹೂವು ಇಟ್ಟವಳಲ್ಲ.

"ಕೂತ್ಕೋ ಫಿನ್," ಎಂದಳು ವಿಲ್ಮಾ. "ಹೇಗೆ ಮೂಸೋದು ಹೇಳಿಕೊಡು. ಆ ಅಂಗಿಯಿಂದ ಬರ್ತಿತ್ತಲ್ಲ ವಾಸನೆ, ಅದು ನನ್ನ ತಲೇಲಿ ಇನ್ನೂ ಹಾಗೇ ಇದೆ. ಅದು ಯಾವ ವಿಸ್ಕಿ ಅಂತ ನಾನು ಕಂಡುಹಿಡೀಬೇಕು. ನನ್ನ ಗಂಡನ್ನ ಕರ್ಕೊಂಡು ಹೋಗಿದ್ದು ಯಾವುದು ಅಂತ ಹೆಸರಾದ್ರೂ ಗೊತ್ತಿರಲಿ, ಸಾಯೋ ಮುಂಚೆ."

ಫಿನ್ಲೆ ಪೆಟ್ಟಿಗೆಯೊಳಗಿನ ಸೀಸೆಗಳನ್ನು ನೋಡಿದ. ನಾಲ್ಕೂ ಕಂದು, ಜೇನಿನ ಬಣ್ಣ, ಚಹಾದ ಬಣ್ಣ. ಆ ವಾಸನೆ ಇವುಗಳಲ್ಲಿ ಇರಲು ಸಾಧ್ಯವಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಮೂಗನ್ನ ಪೂರ್ತಿ ಒಳಗೆ ತೂರಿಸ್ಬೇಡಿ," ಎಂದ. "ಬಾಯಿ ಸ್ವಲ್ಪ ತೆರೆದಿರಲಿ. ಗ್ಲಾಸು ಗಲ್ಲದ ಹತ್ರ. ಹಾಂ, ಈಗ ಎರಡು ಹನಿ ನೀರು."

"ಅಯ್ಯೋ, ಇದು ಹಳೇ ಪಾದ್ರಿ ಕೋಟಿನ ವಾಸನೆ!"

ಇಬ್ಬರೂ ನಕ್ಕರು. ಆಗಲೇ ಪೆಟ್ಟಿಗೆಯ ಮುಚ್ಚಳದೊಳಗೆ ಸಿಕ್ಕಿಸಿದ್ದ ಚೀಟಿ ಅವನ ಕಣ್ಣಿಗೆ ಬಿದ್ದದ್ದು. ಮುಂದಿನ ತಿಂಗಳುಗಳಲ್ಲಿ ಏನೇನು ಬರುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು. ಫೆಬ್ರವರಿ: ಹೊಗೆ. ಮಾರ್ಚ್: ಸಮುದ್ರ ತೀರ. ಏಪ್ರಿಲ್: ಹಣ್ಣು. ಮೇ: ಪೀಪಾಯಿಗೆ ಮುಂಚೆ, ಜೊತೆಗೊಂದು ಬಿಳಿ ಸೀಸೆ.

ನಗು ಅವನ ಬಾಯಲ್ಲೇ ಉಳಿಯಿತು.

ಭಟ್ಟಿಯಿಂದ ಆಗತಾನೆ ಇಳಿದ ಸಾರಾಯಿಗೆ ನೀರಿನ ಹಾಗೆ ಬಣ್ಣವೇ ಇಲ್ಲ, ಅದನ್ನೇ ಬಿಳಿಯದು ಎನ್ನುವುದು. ಬಣ್ಣ ಕೊಡುವುದು ಪೀಪಾಯಿಯ ಮರ, ವರ್ಷಗಟ್ಟಲೆ ಒಳಗಿಟ್ಟುಕೊಂಡು. ಕೆಲಸದವರಿಗೆ ದಿನಕ್ಕೆ ಮೂರು ಸಲ ಮ್ಯಾನೇಜರು ಕೊಂಬಿನ ಲೋಟದಲ್ಲಿ ಹಾಕಿಕೊಡುತ್ತಿದ್ದದ್ದು ಕಂದು ಬಣ್ಣದ್ದು. ಬಿಳಿಯದು ಇರುತ್ತಿದ್ದದ್ದು ಪೀಪಾಯಿ ತುಂಬುವ ಕೋಣೆಯಲ್ಲಿ ಮಾತ್ರ. ಆ ಕೋಣೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವನು ಫಿನ್ಲೆ.

ವಿಲ್ಮಾಳ ಮೂಗು ತಿಂಗಳಿಂದ ತಿಂಗಳಿಗೆ ಹರಿತವಾಯಿತು. ಫೆಬ್ರವರಿಯಲ್ಲಿ ಕಣ್ಣು ಮುಚ್ಚಿ ಒಂದರಲ್ಲಿ ಒದ್ದೆ ಉಣ್ಣೆಯ, ಒಂದರಲ್ಲಿ ಆಸ್ಪತ್ರೆ ಕಾರಿಡಾರಿನ ವಾಸನೆ ಕಂಡುಹಿಡಿದಳು. ಮಾರ್ಚಿನಲ್ಲಿ ಫಿನ್ಲೆಗೆ ತಿಳಿಯದ್ದು ಅವಳಿಗೆ ತಿಳಿಯತೊಡಗಿತು. "ನಿನ್ನ ಮೂಗಿಗೆ ತುಕ್ಕು ಹಿಡಿದಿದೆ ಮಾರಾಯ," ಎಂದು ಛೇಡಿಸಿದಳು. ಪ್ರತಿ ಸೀಸೆ ಮೂಸಿದ ಮೇಲೂ ಚೀಟಿಯ ಹಿಂದೆ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆಯುತ್ತಿದ್ದಳು. ಇದಲ್ಲ. ಇದೂ ಅಲ್ಲ. ಪೆನ್ಸಿಲು ಕಾಗದದ ಮೇಲೆ ಸರಿಯುವ ಆ ಸದ್ದು ಫಿನ್ಲೆಗೆ ವಾರವಿಡೀ ಕೇಳಿಸುತ್ತಿತ್ತು, ಕೆಟಲ್ ಕುದಿಯುವಾಗ, ಬೀಗ ತಿರುಗಿಸುವಾಗ.

ಏಪ್ರಿಲ್‌ನಲ್ಲಿ ಹದಿನಾರನೆಯ ಗೆರೆ ಎಳೆದು ಕೇಳಿದಳು, "ಎಷ್ಟು ಕುಡಿದಿದ್ದ ಫಿನ್ ಅವನು? ಅಂಗಿಯೆಲ್ಲ ತೊಯ್ಯೋ ಹಾಗೆ?"

"ಗೊತ್ತಿಲ್ಲ ಅತ್ತಿಗೆ."

"ಬೆಳಿಗ್ಗೆ ಓಟ್ಸ್ ಗಂಜಿ ತಿಂದು ಹೋದೋನು. ಹತ್ತು ಗಂಟೆಗೆಲ್ಲ ಅಷ್ಟು ಕುಡಿಯೋಕಾಗತ್ತಾ? ನನಗೀಗ ಒಂದು ಬೆರಳುದ್ದದ ಸೀಸೇನೇ ಎಷ್ಟು ಹೊತ್ತು ಹಿಡಿಯತ್ತೆ ಅಂತ ಗೊತ್ತು."

"ಮೇ ತಿಂಗಳದ್ದು ಬೇಡ ಬಿಡಿ," ಎಂದುಬಿಟ್ಟ ಫಿನ್ಲೆ. "ಅದು ಹಸೀದು. ಗಂಟಲು ಸುಡತ್ತೆ."

ವಿಲ್ಮಾ ತಲೆಯೆತ್ತಿ ನೋಡಿದಳು. "ನಾನು ಮೇ ತಿಂಗಳ ಮಾತೇ ಎತ್ತಲಿಲ್ವಲ್ಲ."

ಮೇ ತಿಂಗಳ ಭಾನುವಾರ ಬಿಸಿಲಿತ್ತು. ಗುಡ್ಡದ ತುಂಬ ಮುಳ್ಳುಪೊದೆಗಳು ಹಳದಿ ಹೂಬಿಟ್ಟಿದ್ದವು. ವಿಲ್ಮಾ ಕಿಟಕಿ ತೆರೆದಿಟ್ಟಿದ್ದಳು. ಒಲೆಯೊಳಗೆ ಕುರಿಮಾಂಸ ಚಟಗುಟ್ಟುತ್ತಿತ್ತು. ಒಗೆದು ಇಸ್ತ್ರಿ ಹಾಕಿದ ಮೇಜುಬಟ್ಟೆ ಹಾಸಿದ್ದಳು. ಅದರ ಮೇಲೆ ಮೂರು ಕಂದು ಸೀಸೆ, ಒಂದು ಬಿಳಿ. ಬಿಳಿಯ ಸೀಸೆಯ ಮುಚ್ಚಳ ಆಗಲೇ ತೆಗೆದಿತ್ತು. ಅವಳು ಅದನ್ನು ಇನ್ನೂ ಮೂಸಿರಲಿಲ್ಲ, ಅವನಿಗಾಗಿ ಕಾದಿದ್ದಳು.

"ಮೊದಲು ಇದೇ ಆಗಲಿ," ಎಂದಳು.

"ನಾನು ಹಾಕಿಕೊಡ್ತೀನಿ."

ಅವನು ಕೈ ಚಾಚಿದ. ಅವನು ಮನೆಯಲ್ಲಿ ಯೋಚಿಸಿಕೊಂಡು ಬಂದಿದ್ದು ಇಷ್ಟೇ: ಮುದುಕನ ಕೈ, ನಡುಗಿತು, ಉರುಳಿತು, ಅಷ್ಟೆ. ಯಾರೂ ಏನೂ ಅನ್ನುವುದಿಲ್ಲ. ಮಣಿಕಟ್ಟು ತಾಗಿತು. ಸೀಸೆ ಬಿತ್ತು. ಅರ್ಧ ಮೇಜುಬಟ್ಟೆಗೆ, ಅರ್ಧ ಅವನ ಅಂಗಿಯ ತೋಳಿಗೆ.

"ಛೇ, ನೋಡಿ," ಎಂದ ಅವನು.

ಲೋಟಕ್ಕೆ ಬಿದ್ದಿದ್ದರೆ ಹೇಗಿರುತ್ತಿತ್ತೋ. ಬಟ್ಟೆಗೆ ಬಿದ್ದದ್ದು ಬಟ್ಟೆಯ ಬಿಸುಪಿಗೆ ಸೇರಿ, ವಾಸನೆ ಒಮ್ಮೆಗೇ ಎದ್ದಿತು. ಕೊಳೆತ ಪೇರಳೆ, ನೆನೆದ ಬಾರ್ಲಿ, ಆರಿದ ಬೆಂಕಿಕಡ್ಡಿ. ವಿಲ್ಮಾ ಒರೆಸಲೆಂದು ಬಟ್ಟೆ ಹಿಡಿದು ಬಗ್ಗಿದವಳು ಹಾಗೇ ನಿಂತಳು. ಬಟ್ಟೆ ಅವಳ ಕೈಯಿಂದ ಜಾರಿತು. ಅವಳು ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡಳು. ಬಾಯಿ ಸ್ವಲ್ಪ ತೆರೆದು, ಅವನು ಕಲಿಸಿದ ಹಾಗೆ.

"ಎವಾನ್ ಅಂಗಿ," ಎಂದಳು.

ಗುಡ್ಡದ ಮೇಲೆಲ್ಲೋ ಕೋಗಿಲೆ ಕೂಗುತ್ತಿತ್ತು. ಅದು ನಿಂತ ಮೇಲೆ ಅವಳು ಕೇಳಿದಳು, "ಬಿಳೀದು ತೊಟ್ಟಿಮನೆಗೆ ಬರ್ತಿತ್ತಾ?"

"ಇಲ್ಲ."

"ಮತ್ತೆ ಎಲ್ಲಿತ್ತು?"

"ತುಂಬೋ ಕೋಣೇಲಿ."

"ತುಂಬೋ ಕೋಣೇಲಿ ಯಾರಿದ್ರು, ಫಿನ್?"

ಅವಳು ತೋಳು ಬಿಡಲಿಲ್ಲ. ಅವನು ಎಳೆದುಕೊಳ್ಳಲೂ ಇಲ್ಲ. ನಲವತ್ತೆರಡು ವರ್ಷ ತಿಂದ ಊಟದ ಮೇಜಿನ ಮುಂದೆ, ಒಲೆಯಲ್ಲಿ ಮಾಂಸ ಸೀಯುತ್ತಿರುವಾಗ, ಅವನು ಹೇಳತೊಡಗಿದ.

"ಅವತ್ತು ಅವನ ಜೊತೆಯವನಿಗೆ ಜ್ವರ. ಬತ್ತಿ ಇಳಿಸೋಕೆ, ಹಗ್ಗ ಹಿಡಿಯೋಕೆ ಅಂತ ನನ್ನ ಕಳಿಸಿದ್ರು. ನಾನು ತಡ ಮಾಡಿ ಹೋದೆ. ನನ್ನ ಹತ್ರ ಒಂದು ನಾಯಿ ಇತ್ತು ಅತ್ತಿಗೆ, ನಾಯಿ ಅಂತಿದ್ವಿ ಆ ತಾಮ್ರದ ಕೊಳವೆಗೆ, ಎಲ್ಲರ ಹತ್ರಾನೂ ಇರ್ತಿತ್ತಲ್ಲ, ಪ್ಯಾಂಟೊಳಗೆ ತೂಗುಹಾಕ್ಕೊಂಡು ಕದ್ದು ತರೋಕೆ. ಅದಕ್ಕೆ ಬಿಳೀದು ತುಂಬಿಸ್ಕೊಂಡು ಬರ್ತಿದ್ದೆ. ಅವನು ಸೊಂಟಕ್ಕೆ ಹಗ್ಗ ಕಟ್ಕೊಂಡು ಕಾಯ್ತಾ ನಿಂತಿದ್ದ, ನಾನು ಅವಸರದಲ್ಲಿ ತೊಟ್ಟಿಯ ಆ ಬದಿಗೆ ಸುಮ್ನೆ ಹೋಗಿ ಬಂದೆ. 'ಬತ್ತಿ ಇಳಿಸಿದ್ಯಾ?' ಅಂದ. 'ಇಳಿಸಿದೆ' ಅಂದೆ."

"ಇಳಿಸಿದ್ಯಾ?"

"ಇಲ್ಲ."

ಅವಳ ಬೆರಳುಗಳು ಬಿಗಿಯಾದವು. "ಮುಂದೆ ಹೇಳು."

"ಏಣಿ ಅರ್ಧ ಇಳಿದೋನು ಸುಮ್ಮನಾದ. ಕೂಗ್ದೆ. ಎಳೆದೆ. ಮೇಲೆ ಬರೋ ಹೊತ್ತಿಗೆ ಉಸಿರಿರಲಿಲ್ಲ. ಮೆಟ್ಟಿಲ ಮೇಲೆ ಮ್ಯಾನೇಜರ ಬೂಟಿನ ಸದ್ದು ಕೇಳಿಸ್ತು. ನಾಯಿ ನನ್ನ ಕಾಲಿಗೆ ಬಡೀತಾ ಇತ್ತು. ಅದನ್ನ ಎಲ್ಲಾದ್ರೂ ಖಾಲಿ ಮಾಡ್ಬೇಕಿತ್ತು. ಅವನ ಎದೆ ಮೇಲೆ ಸುರಿದೆ."

"ಎಲ್ಲಾದ್ರೂ," ಎಂದಳು ವಿಲ್ಮಾ. "ನೆಲ ಇರಲಿಲ್ವಾ?"

ಅವನು ಇನ್ನೊಂದು ಕೈಯಿಂದ ಉರುಳಿದ ಸೀಸೆಯನ್ನು ನೆಟ್ಟಗೆ ನಿಲ್ಲಿಸಿದ.

"ಇತ್ತು," ಎಂದ. "ನೆಲ ಇತ್ತು. ಅವನು ಕುಡಿದಿದ್ದ ಅಂತ ನಾನು ಹೇಳಲಿಲ್ಲ. ಮ್ಯಾನೇಜರು ಮೂಸಿ ನೋಡಿ, ಕುಡಿದು ನಾನು ಬರೋ ಮುಂಚೆ ತಾನೇ ಇಳಿದಿದಾನೆ ಅಂದ. ನಾನು ಸುಮ್ಮನಿದ್ದೆ. ಹೆಣ ತೊಳೆಯೋವಾಗ ಅಮ್ಮ ಅವನ ಬಾಯಿ ಮೂಸಿದ್ಲಂತೆ. ಬಾಯಲ್ಲಿ ಏನೂ ಇರಲಿಲ್ಲವಂತೆ, ಬರೀ ಗಂಜಿ. ಸಾಯೋವಾಗ ನನ್ನ ಕೈಲಿ ಮಾತು ತಗೊಂಡ್ಲು, ನಿಮಗೆ ಹೇಳ್ಬೇಕು ಅಂತ. ಎವಾನ್ ಅವತ್ತು ಒಂದು ಹನಿ ಕುಡಿದಿರಲಿಲ್ಲ ಅತ್ತಿಗೆ. ಅವನು ಬತ್ತಿ ಬಗ್ಗೆ ಕೇಳಿದ. ಕೇಳೇ ಇಳಿದ."

ವಿಲ್ಮಾ ಅವನ ತೋಳಿನ ಕಡೆಗೇ ನೋಡುತ್ತಿದ್ದಳು. ಕಿಟಕಿಯಿಂದ ಗಾಳಿ ಬರುತ್ತಿತ್ತು, ಮೇಜುಬಟ್ಟೆಯ ಮೇಲಿನ ಒದ್ದೆ ಕಲೆ ಅಂಚಿನಿಂದ ಒಳಗೊಳಗೆ ಚಿಕ್ಕದಾಗುತ್ತ ಬಂದು ಒಂದು ಗುಂಡಿಯಷ್ಟಾಗಿ ಆಮೇಲೆ ಅದೂ ಇಲ್ಲವಾಯಿತು. ಅವಳು ಇನ್ನೂ ಬಿಡದೆ ಹಿಡಿದಿದ್ದ ತೋಳೂ ಒಣಗಿತ್ತು.