ಇನ್ನೊಂದು ರೂಟರ್

ಔಷಧಿ ಗೋದಾಮಿನಲ್ಲಿ ನೆಟ್‌ವರ್ಕ್ ಕೆಟ್ಟು ಅಂದಿಗೆ ಮೂರನೆಯ ದಿನ. ಆಸ್ಪತ್ರೆಗಳ ಆರ್ಡರು ಒಂದು ಕಂಪ್ಯೂಟರಿನಲ್ಲಿ ಕಾಣುತ್ತಿತ್ತು, ಪಕ್ಕದ್ದರಲ್ಲಿ ಕಾಣುತ್ತಿರಲಿಲ್ಲ. ಪ್ಯಾಕಿಂಗ್ ಹಾಲ್‌ನ ಹೆಂಗಸರು ಖಾಲಿ ಡಬ್ಬಗಳ ಮುಂದೆ ಕೈಕಟ್ಟಿ ನಿಂತಿದ್ದರು. ಗೋದಾಮಿನ ರೂಟರು, ಸ್ವಿಚ್ಚುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳನ್ನು ಅಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಏಕೆಂದರೆ ಅವಳ ಸ್ವಂತ ತಂಗಿ ಅದೇ ಹಾಲ್‌ನಲ್ಲಿ ಆರ್ಡರ್ ಗುಮಾಸ್ತೆ. ಎರಡು ದಿನ ಬೇರೆ ಶಾಖೆಯಲ್ಲಿ ಸಿಕ್ಕಿಹಾಕಿಕೊಂಡು ಫೋನಿನಲ್ಲೇ ಇದನ್ನು ಮಾಡಿ, ಅದನ್ನು ಮಾಡಿ ಎಂದು ಹೇಳಿ ಸೋತಿದ್ದ ಅಕ್ಕ, ಬುಧವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡು ಒಳಗೆ ಕಾಲಿಡುವಾಗಲೇ ಮ್ಯಾನೇಜರ್ ಎದುರಾದ.

"ಹುಡುಕೋ ಕೆಲಸ ಉಳಿಸಿದೀನಿ ನಿಮಗೆ. ಕೇಬಲ್ ಕಿತ್ತಿದ್ದು ನಿಮ್ಮ ತಂಗಿ. ಇಬ್ಬರು ಕಣ್ಣಾರೆ ನೋಡಿದಾರೆ. ಇವತ್ತಿಂದ ಬರಬೇಡ ಅಂತ ಹೇಳಿದೀನಿ."

ಹಾಲ್‌ನ ನಡುವೆ ತಂಗಿ ನಿಂತಿದ್ದಳು. ಊಟದ ಡಬ್ಬಿ, ಕೊಡೆ, ಸ್ವೆಟರು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡಾಗಿತ್ತು. ಹದಿನೈದು ಜೋಡಿ ಕಣ್ಣು ಅವಳ ಮೇಲೆ. ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಎರಡು ದಿನ ಆಸ್ಪತ್ರೆಯವರ ಬೈಗುಳ ತಿಂದಿದ್ದಳು, ನಿದ್ದೆಯೂ ಆಗಿರಲಿಲ್ಲ. ಈಗ ಮನೆಯವರಿಂದಲೇ ತಲೆ ತಗ್ಗಿಸಬೇಕಾಯಿತಲ್ಲ ಎನಿಸಿತು.

"ಮುಟ್ಟಿದ್ಯಾ, ಇಲ್ವಾ? ಅಷ್ಟು ಹೇಳು."

"ಮುಟ್ಟಿದೆ. ಆದ್ರೆ ಅಕ್ಕ..."

"ಆದ್ರೆ ಗೀದ್ರೆ ಬೇಡ. ನಿನ್ನದಲ್ಲದ ಕೆಲಸಕ್ಕೆ ಯಾಕೆ ಕೈ ಹಾಕ್ತೀಯ? ಚಿಕ್ಕವಳಿದ್ದಾಗಿಂದ ಇದೇ ಬುದ್ಧಿ. ನೀನು ಮಾಡಿಡೋದು, ನಾನು ಬಳಿಯೋದು."

ತಂಗಿಯ ಮುಖ ಕೆಂಪಾಗಿ ಆಮೇಲೆ ಬಿಳಿಚಿತು. "ಕೆಟ್ಟ ಮೇಲೆ ಮುಟ್ಟಿದೆ ಕಣೇ. ಮುಟ್ಟಿದ್ದಕ್ಕೆ ಕೆಡಲಿಲ್ಲ" ಎಂದಳು, ಅಕ್ಕನಿಗಷ್ಟೇ ಕೇಳುವಂತೆ. ಆಮೇಲೆ ಚೀಲ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಮ್ಯಾನೇಜರ್ ಬಾಗಿಲು ಮುಚ್ಚಿದ.

ಅಕ್ಕ ಮೊದಲು ನೋಡಿದ್ದು ಆ ಕೇಬಲ್ಲನ್ನೇ. ಎರಡೂ ತುದಿ ಗಟ್ಟಿಯಾಗಿದ್ದವು. ಹಸಿರು ದೀಪ ಮಿನುಗುತ್ತಿತ್ತು. ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸಿದಳು. ಎಂಟು ತಂತಿಗಳಲ್ಲಿ ಒಂದರಲ್ಲೂ ದೋಷವಿಲ್ಲ. ಒಂದು ಕೇಬಲ್ ಕಿತ್ತರೆ ಒಂದು ಕಂಪ್ಯೂಟರ್ ನಿಲ್ಲುತ್ತದೆ. ಮೂರು ದಿನ ಅರ್ಧ ಗೋದಾಮು ನಿಲ್ಲುವುದಿಲ್ಲ. ಈ ಮಾತು ಬಾಗಿಲಲ್ಲೇ ಅವಳಿಗೆ ಹೊಳೆಯಬೇಕಿತ್ತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವಳು ಅವಳು.

ಕೆಲಸ ಮಾಡುತ್ತಿದ್ದ ಒಂದು ಕಂಪ್ಯೂಟರು, ಮಾಡದ ಒಂದು ಕಂಪ್ಯೂಟರು, ಎರಡರ ನಡುವೆ ಕುರ್ಚಿ ಎಳೆದುಕೊಂಡು ಕುಳಿತಳು. ಮನೆಗೆ ಮನೆ ನಂಬರು ಇರುವಂತೆ ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಇರುತ್ತದೆ. ಅದನ್ನು ಹಂಚುವುದು, ಹೊರಗೆ ಹೋಗಲು ದಾರಿ ಯಾವುದೆಂದು ತೋರಿಸುವುದು ಎರಡೂ ರೂಟರಿನ ಕೆಲಸ. ಮೊದಲನೆಯ ಕಂಪ್ಯೂಟರಿನ ವಿಳಾಸ ಹತ್ತರಿಂದ ಶುರುವಾಗುತ್ತಿತ್ತು, ಅವಳೇ ನಿಗದಿ ಮಾಡಿದ್ದು. ಎರಡನೆಯದರ ವಿಳಾಸ ನೂರತೊಂಬತ್ತೆರಡರಿಂದ. ಅಂಥ ವಿಳಾಸವನ್ನು ಅವಳು ಆ ಕಟ್ಟಡದಲ್ಲಿ ಯಾರಿಗೂ ಕೊಟ್ಟಿರಲಿಲ್ಲ.

ಅಂದರೆ ಒಳಗೆ ಎಲ್ಲೋ ಇನ್ನೊಂದು ರೂಟರ್ ಕೂತಿದೆ. ವಿಳಾಸ ಕೇಳಿದವರಿಗೆಲ್ಲ ಅದೂ ಹಂಚುತ್ತಿದೆ. ಬೆಳಿಗ್ಗೆ ಯಾವ ಕಂಪ್ಯೂಟರಿಗೆ ಯಾರ ಉತ್ತರ ಮೊದಲು ಸಿಕ್ಕಿತೋ ಆ ದಿನ ಅದರ ಹಣೆಬರಹ ಅಷ್ಟೇ.

ಕಳ್ಳ ರೂಟರಿನ ಗುರುತು ಹಿಡಿದು ಅವಳು, ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ ಸ್ವಿಚ್ಚುಗಳಿಗೆ ಒಂದೊಂದಾಗಿ ಲಾಗಿನ್ ಆಗುತ್ತ ಹೋದಳು. ಮೇಲಿನ ಮಹಡಿಯ ಸ್ವಿಚ್ಚು, ಹದಿನೇಳನೆಯ ಪೋರ್ಟು. ಅಲ್ಲಿಂದ ಹೊರಟ ವೈರು ಹೋಗುವುದು ಖರೀದಿ ವಿಭಾಗದ ಕೋಣೆಗೆ. ಆ ಕೋಣೆಯಲ್ಲಿ ಕೂರುವವನು ಮ್ಯಾನೇಜರನ ಬಾಮೈದ.

ಅದೇ ಪರದೆಯಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಪರಿಚಯವಿಲ್ಲದ ರೂಟರ್ ವಿಳಾಸ ಹಂಚಲು ಬಂದರೆ ತಡೆಯಬೇಕೆಂಬ ಅಪ್ಪಣೆಯನ್ನು ಅವಳು ಎಲ್ಲ ಸ್ವಿಚ್ಚುಗಳಿಗೂ ಬರೆದಿದ್ದಳು. ಇದೊಂದಕ್ಕೆ ಬರೆದಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಹಳೆಯ ಸ್ವಿಚ್ಚು ಸುಟ್ಟಾಗ ಅವಸರದಲ್ಲಿ ಹೊಸದನ್ನು ಕೂರಿಸಿದ್ದಳು. ನಾಳೆ ಮಾಡಿದರಾಯಿತು ಅಂದುಕೊಂಡಿದ್ದಳು. ಆ ನಾಳೆ ಬಂದೇ ಇರಲಿಲ್ಲ. ಅವಳು ಲ್ಯಾಪ್‌ಟಾಪ್ ಮುಚ್ಚಿ ಮೆಟ್ಟಿಲು ಹತ್ತಿದಳು.

ಬಾಮೈದ ಮೇಜಿನ ಮೇಲೆ ಫೋನು ಆನಿಸಿಟ್ಟುಕೊಂಡು ಸಿನಿಮಾ ನೋಡುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ, "ನಾನೇನೂ ಮಾಡಿಲ್ಲಪ್ಪ. ಕೇಬಲ್ ಕಿತ್ತಿದ್ದು ನಿಮ್ಮ ತಂಗಿ ಅಲ್ವಾ?" ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕೇಳಿದ್ದಳು. ಇವನು ಯಾರೂ ಅನ್ನದೆಯೇ ಮುಟ್ಟಿಕೊಂಡಿದ್ದ. ಬೀರುವಿನ ಹಿಂದೆ ಕೈ ಹಾಕಿದಳು. ಮನೆಗಳಲ್ಲಿ ಇಡುವಂಥ ಬಿಳಿ ರೂಟರು, ಎರಡು ಕಿವಿ ನಿಮಿರಿಸಿಕೊಂಡು ಬೆಚ್ಚಗೆ ಕೂತಿತ್ತು.

"ಯಾವತ್ತು ಹಾಕಿದ್ದು?"

"ಸೋಮವಾರ. ಇಲ್ಲಿ ಫೋನಿಗೆ ಸಿಗ್ನಲ್ಲೇ ಬರಲ್ಲ. ಭಾವನ್ನ ಕೇಳೇ ಹಾಕಿದ್ದು. ನಿನ್ನೆ ತೆಗೀಲಾ ಅಂತಾನೂ ಕೇಳಿದೆ. ಇರಲಿ ಬಿಡು, ಈಗ ತೆಗೆದ್ರೆ ಅನುಮಾನ ಬರತ್ತೆ ಅಂದ್ರು."

ಅವಳು ವೈರು ಕಿತ್ತಳು. ಕೆಳಗಿಳಿದು ಕಂಪ್ಯೂಟರುಗಳನ್ನೆಲ್ಲ ಒಮ್ಮೆ ಆರಿಸಿ ಹಚ್ಚಿದಳು. ಹತ್ತೇ ನಿಮಿಷದಲ್ಲಿ ಮೂರು ದಿನದ ಆರ್ಡರುಗಳು ಕಟ್ಟೆ ಒಡೆದ ಹಾಗೆ ನುಗ್ಗಿ ಬಂದವು. ಪ್ರಿಂಟರು ಕಿರುಗುಟ್ಟಿತು. ಹೆಂಗಸರು ಡಬ್ಬಗಳಿಗೆ ಕೈ ಹಾಕಿದರು. ಅವಳು ಅಲ್ಲಿಯೇ ಕುಳಿತು ಗೋದಾಮಿನ ಯಜಮಾನಿಗೆ ಕಳಿಸಬೇಕಾದ ವರದಿ ಬರೆದು, ರೂಟರನ್ನು ಕಂಕುಳಲ್ಲಿ ಇಟ್ಟುಕೊಂಡು ಮ್ಯಾನೇಜರನ ಕೋಣೆಗೆ ಹೋದಳು. ರೂಟರನ್ನು ಅವನ ಮೇಜಿನ ಮೇಲಿಟ್ಟು ಲ್ಯಾಪ್‌ಟಾಪ್ ಅವನತ್ತ ತಿರುಗಿಸಿದಳು.

ಅವನು ಓದಿದ. ಎರಡು ಸಲ ಓದಿದ.

"ಇದರಲ್ಲಿ ನಿಮ್ಮ ತಪ್ಪೂ ಬರೆದಿದೀರಲ್ರೀ."

"ಮಾಡಿದೀನಿ, ಬರೆದಿದೀನಿ."

"ಯಜಮಾನಿಯವ್ರು ಓದಿದ್ರೆ ನಿಮ್ಮ ಕೆಲಸಾನೂ ಉಳಿಯಲ್ಲ." ಅವನು ದನಿ ತಗ್ಗಿಸಿದ. "ಯಾಕೆ ಸುಮ್ನೆ? ಕೇಬಲ್ ಸಡಿಲ ಆಗಿತ್ತು ಅಂತ ಒಂದು ಸಾಲು ಬರೀರಿ. ನೀವೂ ಬಚಾವ್, ನಾವೂ ಬಚಾವ್."

"ನನ್ನ ತಂಗಿ?"

"ಅವಳಿಗೇನು, ಇನ್ನೂ ವಯಸ್ಸಿದೆ. ಬೇರೆ ಕಡೆ ಸಿಗತ್ತೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತ ಗಾದೆ ಇದೆ, ಸಾರ್. ಹಾಕಿದವರಿಗೆ ಜ್ವರ ಯಾರಿಗೆ ಅಂತ ಗೊತ್ತಿರಲಿಲ್ಲ, ಪಾಪ. ನಿಮಗೆ ಗೊತ್ತಿತ್ತು. ನಿನ್ನೇನೇ ಗೊತ್ತಿತ್ತು. ಗೊತ್ತಿದ್ದೂ ಅವಳನ್ನ ಹದಿನೈದು ಜನರ ಮುಂದೆ ನಿಲ್ಲಿಸಿದ್ರಿ."

"ನಿಲ್ಲಿಸಿದ್ದು ನಾನು. ಬೈದಿದ್ದು ನೀವು" ಎಂದ ಮ್ಯಾನೇಜರ್.

ಆ ಮಾತು ಸುಳ್ಳಾಗಿದ್ದರೆ ಅವನ ಕೆನ್ನೆಗೆ ಬಾರಿಸಿಬಿಡುತ್ತಿದ್ದಳೇನೋ. ನಿಜವಾಗಿದ್ದರಿಂದ ಲ್ಯಾಪ್‌ಟಾಪ್ ತನ್ನತ್ತ ಎಳೆದುಕೊಂಡು ಅವನೆದುರೇ ವರದಿ ಕಳಿಸಿದಳು.

ಯಜಮಾನಿ ಮರುದಿನ ಮಧ್ಯಾಹ್ನ ಬಂದಳು. ದನಿ ಎತ್ತದೆ ಮಾತಾಡುವ ಗಿಡ್ಡ ಹೆಂಗಸು. ಅಕ್ಕನಿಗೆ ಎಚ್ಚರಿಕೆಯ ಪತ್ರ ಕೊಟ್ಟಳು. ಬಾಮೈದನನ್ನು ಮನೆಗೆ ಕಳಿಸಿದಳು. ಮ್ಯಾನೇಜರನನ್ನು ತೆಗೆಯಲಿಲ್ಲ, ತಂಗಿಯನ್ನು ವಾಪಸು ಕರೆದು ಕ್ಷಮೆ ಕೇಳು ಎಂದಳು, ಅಷ್ಟೇ. ಅಷ್ಟೇನಾ ಎಂದು ಅಕ್ಕನ ಮೈಯೆಲ್ಲ ಉರಿಯಿತು.

ಶುಕ್ರವಾರ ತಂಗಿ ಬಂದಾಗ ಮ್ಯಾನೇಜರ್, "ಒಳಗೆ ಬಾರಮ್ಮ, ಕೂತು ಮಾತಾಡೋಣ" ಎಂದು ತನ್ನ ಕೋಣೆಯ ಬಾಗಿಲು ತೆರೆದು ಹಿಡಿದ. ತಂಗಿ ಹಾಲ್‌ನ ನಡುವಿನಿಂದ ಕದಲಲಿಲ್ಲ.

"ಕಳ್ಳಿ ಥರ ಕಳಿಸಿದ್ದು ಇಲ್ಲಿಂದ, ಸಾರ್. ಇಲ್ಲೇ ಹೇಳಿ."

ಅವನು ಸುತ್ತ ನೋಡಿದ. ಡಬ್ಬ ಅಂಟಿಸುವ ಸದ್ದು ನಿಂತಿತ್ತು. ನೆಲ ನೋಡುತ್ತ, ತಪ್ಪಾಯಿತು, ಅವಳದೇನೂ ತಪ್ಪಿರಲಿಲ್ಲ ಎಂದು ಹೇಳಿದ. ಹಿಂದೆ ನಿಂತವರಿಗೆ ಕೇಳಲಿಲ್ಲ ಎಂದು ಯಾರೋ ಅಂದರು. ಇನ್ನೊಮ್ಮೆ ಹೇಳಿದ.

ಅಕ್ಕನ ಸರದಿ ಅಷ್ಟು ಸುಲಭದ್ದಾಗಿರಲಿಲ್ಲ. ಬುಧವಾರ ಸಂಜೆಯೇ ಅವಳು ತಂಗಿಯ ಮನೆಗೆ ಹೋಗಿದ್ದಳು. ಬಾಗಿಲಲ್ಲೇ ನಿಂತು, "ತಪ್ಪು ಮಾಡಿದೆ ಕಣೇ, ನಿನ್ನ ಮಾತು ಕೇಳಬೇಕಿತ್ತು" ಎಂದಿದ್ದಳು. ತಂಗಿ ಬಟ್ಟೆ ಮಡಿಸುತ್ತಲೇ ಉತ್ತರ ಕೊಟ್ಟಿದ್ದಳು.

"ಅವನು ನಂಬಲಿಲ್ಲ ಅಂದ್ರೆ ಅವನಿಗೆ ನಾನು ಯಾರೋ. ನೀನು ನನ್ನ ಕೈಹಿಡಿದು ಅಕ್ಷರ ಬರೆಸಿದವಳು. ನಿನಗೆ ಒಂದು ವಾಕ್ಯ ಕೇಳೋಷ್ಟು ಪುರುಸೊತ್ತಿರಲಿಲ್ಲ. ಹೋಗು, ಈಗ ಮಾತು ಬೇಡ."

ಇಬ್ಬರೂ ಬರುವುದು ಒಂದೇ ಬಸ್ಸಿನಲ್ಲಿ. ಮುಂದಿನ ವಾರವೆಲ್ಲ ತಂಗಿ ಮುಂದಿನ ಸೀಟಿನಲ್ಲಿ, ಅಕ್ಕ ಹಿಂದಿನ ಸೀಟಿನಲ್ಲಿ. ತಂಗಿಯ ಜಡೆಯನ್ನೇ ನೋಡುತ್ತ ಅಕ್ಕ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಅದರಾಚೆಯ ಮಂಗಳವಾರ ಮುಂದೆ ಜಾಗ ಖಾಲಿಯಿದ್ದರೂ ತಂಗಿ ಹಿಂದಕ್ಕೆ ಬಂದು ನಿಂತಳು.

"ಸ್ವಲ್ಪ ಸರ್ಕೋ."

ಅಕ್ಕ ಕಿಟಕಿಯ ಕಡೆ ಸರಿದಳು.

"ಸಿಟ್ಟು ಹೋಗಿದೆ ಅಂದ್ಕೋಬೇಡ" ಎಂದಳು ತಂಗಿ.

"ಹೋಗೋದು ಬೇಡ. ಕೂತ್ಕೋ."